ದಾದರ್‌ನಲ್ಲಿ ಇಳಿಯುವ ಮುಂಚೆ



ಡಿಸೆಂಬರ್ 6ಕ್ಕೆ ಮೊದಲ ಸಲ ಮುಂಬೈಗೆ ಹೊರಟಿರುವ ನಮ್ಮ ಹುಡುಗರು ದಾದರ್‌ನಲ್ಲಿ ದಾರಿ ಹೇಗೆ ಅಂತ ಕೇಳ್ತಿದ್ದಾರೆ. ದಾರಿಯ ಜೊತೆ ಚರಿತ್ರೆಯನ್ನೂ ಹೇಳಿಬಿಡ್ತೀನಿ.

1901ರ ಸುಮಾರಿಗೆ ಬಾಬಾಸಾಹೇಬರು ಇನ್ನೂ ಚಿಕ್ಕ ಹುಡುಗ. ಅಪ್ಪನನ್ನು ನೋಡಲು ಅಣ್ಣನ ಜೊತೆ ಸತಾರಾದಿಂದ ರೈಲಿನಲ್ಲಿ ಬಂದು ಮಸೂರ್ ಸ್ಟೇಷನ್‌ನಲ್ಲಿ ಇಳಿದರು. ಮಹಾರರ ಮಕ್ಕಳು ಅಂತ ಗೊತ್ತಾದದ್ದೇ ತಡ, ಸ್ಟೇಷನ್ ಮಾಸ್ಟರ್ ಮುಖವೇ ಬದಲಾಯ್ತು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೊಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಆದರೆ ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೀತಾನಂತೆ! ಟಿಕೆಟ್ ತಗೊಂಡರೆ ರೈಲು ಹತ್ತಬಹುದಿತ್ತು. ಸ್ಟೇಷನ್ ದಾಟಿದರೆ ಜಾತಿ ಕಾದು ನಿಂತಿತ್ತು.

ಅದೇ ಹುಡುಗ ಬೆಳೆದು ದಾದರ್ ಪೂರ್ವದ ಹಿಂದೂ ಕಾಲೊನಿಯಲ್ಲಿ ರಾಜಗೃಹ ಕಟ್ಟಿಸಿದರು. 1956ರ ಡಿಸೆಂಬರ್ 7ರಂದು ಅವರ ಅಂತ್ಯಸಂಸ್ಕಾರ ಆಗಿದ್ದು ದಾದರ್ ಪಶ್ಚಿಮದ ಕಡಲ ದಂಡೆಯಲ್ಲಿ. ಅದೇ ಇವತ್ತಿನ ಚೈತ್ಯಭೂಮಿ. ಎರಡರ ನಡುವೆ ರೈಲು ಹಳಿ.

ದಾದರ್‌ನಲ್ಲಿ ಪಶ್ಚಿಮ ರೈಲ್ವೆ, ಮಧ್ಯ ರೈಲ್ವೆ ಎರಡೂ ಸೇರುತ್ತವೆ. ಮೊದಲು ಎರಡು ಕಡೆಯೂ ಒಂದೊಂದು 1ನೇ ಪ್ಲಾಟ್‌ಫಾರ್ಮ್ ಇತ್ತು. 2023ರ ಡಿಸೆಂಬರ್‌ನಿಂದ 1ರಿಂದ 14ರವರೆಗೆ ಒಂದೇ ಲೆಕ್ಕ. ಕಲಬುರಗಿ, ಸೊಲ್ಲಾಪುರ ದಾರಿಯಲ್ಲಿ ಬರೋರು ಮಧ್ಯ ರೈಲ್ವೆ ಕಡೆ ಇಳೀತೀರಿ. ಮೇಲ್ಸೇತುವೆ ಹತ್ತಿ ಪಶ್ಚಿಮಕ್ಕೆ ದಾಟಿ, ಶಿವಾಜಿ ಪಾರ್ಕ್ ಕಡೆ ನಡೀರಿ. ರಾಜಗೃಹಕ್ಕಾದರೆ ಪೂರ್ವಕ್ಕೆ ಹೊರಡಿ.

ನಮ್ಮವ್ವಗೆ ಬೋರ್ಡ್ ಓದಕ್ಕೆ ಬರ್ತಿರಲಿಲ್ಲ. ಬಿಳಿ ಸೀರೆ ಉಟ್ಟವರ ಹಿಂದೆ ನಡೆದೇ ಚೈತ್ಯಭೂಮಿ ಮುಟ್ಟಿದಳು. ನಿಮಗೆ ಓದಕ್ಕೆ ಬರುತ್ತೆ. ಮೇಲ್ಸೇತುವೆ ಮೇಲೆ ದಿಕ್ಕು ತಿಳಿಯದೆ ನಿಂತ ಅವ್ವ, ಅಜ್ಜಿ ಕಂಡರೆ ಕೈಹಿಡಿದು ಕರ್ಕೊಂಡು ಹೋಗಿ. ಮಸೂರಿನಲ್ಲಿ ಆ ಮಕ್ಕಳಿಗೆ ಸಿಗದಿದ್ದದ್ದು ಅದೇ.