ಕರಾರು ಮೊದಲೋ, ಕಾರ್ಯ ಮೊದಲೋ?

ಬ್ಯಾಂಕಿನಲ್ಲಿ ಹಣ ಕಟ್ಟಲು ಹೋದವರಿಗೆಲ್ಲ ಚಲನ್ನಿನ ಪರಿಚಯವುಂಟು. ಹೆಸರು ಎಲ್ಲಿ, ಖಾತೆಯ ಸಂಖ್ಯೆ ಎಲ್ಲಿ, ಮೊತ್ತವನ್ನು ಅಂಕಿಯಲ್ಲಿ ಎಲ್ಲಿ, ಅಕ್ಷರದಲ್ಲಿ ಎಲ್ಲಿ ಎಂಬುದನ್ನು ಆ ತುಂಡುಕಾಗದ ಮೊದಲೇ ಹೇಳಿಬಿಡುತ್ತದೆ. ಒಳಗೆ ಕುಳಿತ ಗುಮಾಸ್ತರು ಅದನ್ನು ಯಾವ ಲೆಡ್ಜರಿನಲ್ಲಿ ಹೇಗೆ ಬರೆದುಕೊಳ್ಳುತ್ತಾರೆಂಬುದು ನಮಗೆ ತಿಳಿಯಬೇಕಾಗಿಲ್ಲ. ಚಲನ್ನು, ಹೊರಗಿನವರಿಗೂ ಒಳಗಿನವರಿಗೂ ನಡುವಣ ಮೌನವಾದೊಂದು ಕರಾರು. ಕಂಪ್ಯೂಟರುಗಳು ದೂರದ ಕಂಪ್ಯೂಟರುಗಳಿಂದ ಕೆಲಸ ಮಾಡಿಸಿಕೊಳ್ಳತೊಡಗಿದಾಗ ಅವಕ್ಕೂ ಇಂಥದೊಂದು ಕರಾರುಪತ್ರ ಬೇಕಾಯಿತು. ಅದನ್ನು ಬರೆಯಬೇಕಾದವನು ಮನುಷ್ಯನೋ, ಯಂತ್ರವೋ? ಈ ಪ್ರಶ್ನೆಗೆ ಸ್ವಾರಸ್ಯಕರವಾದ ಒಂದು ಚರಿತ್ರೆಯಿದೆ.

ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ದುಡಿದ ಆಂಡ್ರೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ ಎಂಬಿಬ್ಬರು 1984ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ದೂರದ ಯಂತ್ರದಲ್ಲಿರುವ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ತನ್ನ ಮನೆಯದೇ ಎಂಬಂತೆ ಕರೆದು ಕೆಲಸ ಮಾಡಿಸುವ ಬಗೆಯೇ ಅದರ ವಸ್ತು. ಅವರು ಬಳಸಿದ ಮೇಸಾ ಎಂಬ ಭಾಷೆಯಲ್ಲಿ ಪ್ರತಿಯೊಂದು ಘಟಕದ ಹೊರಮುಖವನ್ನೂ ಒಳಗೆಲಸವನ್ನೂ ಬೇರೆ ಬೇರೆಯಾಗಿ ಬರೆಯುವುದು ವಾಡಿಕೆ. ಹೊರಮುಖವನ್ನು ಮನುಷ್ಯ ಬರೆದುಕೊಟ್ಟರೆ, ಲುಪೈನ್ ಎಂಬ ಸಾಧನ ಅದನ್ನು ಓದಿಕೊಂಡು ಸಂದೇಶವನ್ನು ಕಟ್ಟುವ ಮತ್ತು ಬಿಚ್ಚುವ ಭಾಗಗಳನ್ನು ತಾನೇ ಸಿದ್ಧಪಡಿಸುತ್ತಿತ್ತು. 1991ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆ ರೂಪಿಸಿದ ಕೋರ್ಬಾ ಪದ್ಧತಿಯಂತೂ ಇಂಥ ಹೊರಮುಖಗಳನ್ನು ಬರೆಯುವುದಕ್ಕೆಂದೇ ಪ್ರತ್ಯೇಕವಾದ ಭಾಷೆಯೊಂದನ್ನು ಕೊಟ್ಟಿತು. ಮೊದಲು ಕರಾರು, ಆಮೇಲೆ ಕಾರ್ಯ ಎಂಬುದು ಆ ಕಾಲದ ಕ್ರಮ.

ಈ ಕ್ರಮ ತಲೆಕೆಳಗಾದದ್ದು ವೆಬ್ಬಿನ ಯುಗದಲ್ಲಿ. 2000ದ ಸೆಪ್ಟೆಂಬರಿನಲ್ಲಿ ಅರೀಬಾ, ಐಬಿಎಂ, ಮೈಕ್ರೋಸಾಫ್ಟ್ ಸಂಸ್ಥೆಗಳು ಕೂಡಿ ವೆಬ್ ಸೇವೆಗಳ ವಿವರಣೆಗಾಗಿ ಒಂದು ಭಾಷೆಯನ್ನು ಪ್ರಕಟಿಸಿದವು. ಅದರ ಸಂಕ್ಷಿಪ್ತನಾಮ ಡಬ್ಲ್ಯುಎಸ್‌ಡಿಎಲ್. ಯಾವ ಕೆಲಸಗಳನ್ನು ಮಾಡಿಕೊಡಲಾಗುತ್ತದೆ, ಒಳಗೆ ಹೋಗುವ ಸಂದೇಶ ಯಾವ ಆಕಾರದ್ದು, ಹೊರಗೆ ಬರುವುದು ಯಾವ ಆಕಾರದ್ದು, ಯಾವ ವಿಳಾಸದಲ್ಲಿ ವಿಚಾರಿಸಬೇಕು ಎಂಬುದೆಲ್ಲ ಅದರಲ್ಲಿ ಅಡಕವಾಗಿರಬೇಕು. ಉದ್ದೇಶವೇನೋ ಒಳ್ಳೆಯದೇ. ಆದರೆ ಹತ್ತು ಸಾಲಿನ ಕೆಲಸಕ್ಕೆ ನೂರು ಸಾಲಿನ ವಿವರಣೆ ಎಂಬಂತಾಯಿತು. ಅಷ್ಟು ಹೊತ್ತಿಗೆ ಬಳಕೆಯಲ್ಲಿದ್ದ ಪ್ರೋಗ್ರಾಮುಗಳೂ ಅಸಂಖ್ಯ. ಅವೆಲ್ಲಕ್ಕೂ ಕುಳಿತು ವಿವರಣೆ ಬರೆಯುವ ತಾಳ್ಮೆ ಯಾರಿಗಿದ್ದೀತು? ಇರುವ ಪ್ರೋಗ್ರಾಮನ್ನೇ ಓದಿ ಯಂತ್ರವೇ ವಿವರಣೆ ಬರೆಯಲಿ ಎಂಬ ಉಪಾಯ ಹುಟ್ಟಿದ್ದು ಹೀಗೆ. ಅಪಾಚೆ ಆಕ್ಸಿಸ್ ಎಂಬ ಸಾಧನಸಮೂಹ ಜಾವಾ ಪ್ರೋಗ್ರಾಮುಗಳಿಗೆ ಈ ಸೌಕರ್ಯ ಒದಗಿಸಿತು. ಮೈಕ್ರೋಸಾಫ್ಟಿನ ಡಾಟ್‌ನೆಟ್ಟಿನಲ್ಲಿ ಸೇವೆಯ ವಿಳಾಸದ ತುದಿಗೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಆ ನಾಲ್ಕು ಅಕ್ಷರಗಳನ್ನು ಬರೆದರೆ ಸಾಕು, ವಿವರಣೆ ತಾನಾಗಿ ಮೂಡುತ್ತಿತ್ತು.

ಯಂತ್ರ ಇದನ್ನು ಸಾಧಿಸುವುದು ಹೇಗೆ? ಸಿದ್ಧಗೊಂಡ ಪ್ರೋಗ್ರಾಮು ತನ್ನೊಳಗಿನ ಕೆಲಸಗಳ ಹೆಸರುಗಳನ್ನೂ, ಅವು ಬೇಡುವ ಮತ್ತು ನೀಡುವ ವಸ್ತುಗಳ ಜಾತಿಯನ್ನೂ ತನ್ನಲ್ಲೇ ನೆನಪಿಟ್ಟುಕೊಂಡಿರುತ್ತದೆ. ಸಾಧನ ಅದನ್ನು ಹೆಕ್ಕಿ ತೆಗೆದು, ಇದು ಪೂರ್ಣಾಂಕ, ಇದು ಅಕ್ಷರಮಾಲೆ, ಇದು ದಿನಾಂಕ ಎಂದು ಪಟ್ಟಿ ಮಾಡುತ್ತದೆ. ಆದರೆ ಆ ನೆನಪಿಗೂ ಮಿತಿಯಿದೆ. ಬರೆದವನು ‘ಖಾತೆಸಂಖ್ಯೆ’, ‘ಮೊತ್ತ’ ಎಂದು ಅರ್ಥವತ್ತಾದ ಹೆಸರುಗಳನ್ನು ಕೊಟ್ಟಿದ್ದರೂ, ವಿಶೇಷ ಸೂಚನೆಯಿಲ್ಲದಿದ್ದರೆ ಜಾವಾ ಭಾಷೆಯ ಪರಿವರ್ತಕ ಅವನ್ನು ಕೈಬಿಟ್ಟುಬಿಡುತ್ತಿತ್ತು. ಆಗ ಆಕ್ಸಿಸ್ ಬರೆದ ವಿವರಣೆಯಲ್ಲಿ ಅವುಗಳ ಸ್ಥಾನದಲ್ಲಿ ಕಾಣುತ್ತಿದ್ದುದು ‘ಇನ್ ಸೊನ್ನೆ’, ‘ಇನ್ ಒಂದು’ ಎಂಬ ಅನಾಮಧೇಯಗಳು. ಆಕಾರ ಉಳಿಯಿತು, ಅಭಿಪ್ರಾಯ ಜಾರಿತು.

ಇನ್ನೂ ದೊಡ್ಡ ತೊಡಕು ಬೇರೊಂದಿತ್ತು. ಒಳಗಿನವನು ತನ್ನ ಅನುಕೂಲಕ್ಕಾಗಿ ಒಂದು ಹೆಸರನ್ನು ಬದಲಿಸಿದರೆ, ಯಂತ್ರ ಬರೆದ ವಿವರಣೆಯೂ ಒಡನೆಯೇ ಬದಲಾಗುತ್ತಿತ್ತು. ಹಳೆಯದನ್ನು ನಂಬಿದ್ದ ಹೊರಗಿನವನ ಪ್ರೋಗ್ರಾಮು ಮುಗ್ಗರಿಸುತ್ತಿತ್ತು. ಕೊಟ್ಟ ಮಾತನ್ನು ಮುರಿದವರಾರು? ಮಾತು ಕೊಟ್ಟವರೇ ಇಲ್ಲವಲ್ಲ! ಆದಕಾರಣ ಕರಾರೇ ಮೊದಲಾಗಬೇಕೆಂಬ ಪಕ್ಷ ಮತ್ತೆ ಬಲಗೊಂಡಿತು. 2007ರಲ್ಲಿ ಹೊರಬಂದ ಸ್ಪ್ರಿಂಗ್ ವೆಬ್ ಸರ್ವೀಸಸ್ ಎಂಬ ಸಾಧನ ಆ ಮಾರ್ಗವೊಂದನ್ನೇ ಒಪ್ಪಿಕೊಂಡಿತು.

ಹಾಗೆಂದು ಮನುಷ್ಯ ಬರೆದ ಕರಾರು ತಾನೇ ತಾನಾಗಿ ಕಾಪಾಡುತ್ತದೆಯೇ? ವೆಬ್ ಸೇವೆಯದಲ್ಲದಿದ್ದರೂ ಇಲ್ಲಿ ನೆನೆಯಬೇಕಾದ ನಿದರ್ಶನವೊಂದುಂಟು. 1998ರ ಡಿಸೆಂಬರಿನಲ್ಲಿ ನಾಸಾ ಸಂಸ್ಥೆ ಮಂಗಳಗ್ರಹದ ಹವೆಯನ್ನು ಅಭ್ಯಸಿಸಲು ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಕಳುಹಿಸಿತು. ನೌಕೆಯ ಸಣ್ಣ ನೂಕುಗಳ ಲೆಕ್ಕವನ್ನು ನ್ಯೂಟನ್-ಸೆಕೆಂಡುಗಳಲ್ಲಿ ಕೊಡಬೇಕೆಂದು ಕರಾರುಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಭೂಮಿಯ ಮೇಲಿನ ಪ್ರೋಗ್ರಾಮು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟಿತು. ಒಂದಕ್ಕೂ ಇನ್ನೊಂದಕ್ಕೂ ಸುಮಾರು 4.45 ಪಟ್ಟು ಅಂತರ. 1999ರ ಸೆಪ್ಟೆಂಬರ್ 23ರಂದು ನೌಕೆ ಎಣಿಸಿದುದಕ್ಕಿಂತ ಬಹಳ ಕೆಳಗಿಳಿದು ಹಾಳಾಯಿತು. ಕರಾರು ಸರಿಯಿತ್ತು, ಕಾರ್ಯ ಅದನ್ನು ಅನುಸರಿಸಲಿಲ್ಲ. ಒಂದು ವೇಳೆ ಆ ಪ್ರೋಗ್ರಾಮನ್ನೇ ಓದಿ ಯಂತ್ರ ವಿವರಣೆ ಬರೆದಿದ್ದರೆ ಏನು ಹೇಳುತ್ತಿತ್ತು? ‘ಇಲ್ಲಿ ಒಂದು ದಶಮಾಂಶ ಸಂಖ್ಯೆ ಬರುತ್ತದೆ’ ಎಂದಷ್ಟೆ. ಅದು ಸುಳ್ಳಲ್ಲ; ಆದರೆ ನೌಕೆಯನ್ನುಳಿಸುವ ಸತ್ಯವೂ ಅಲ್ಲ.

ಮುಂದಿನ ಹೆಜ್ಜೆಯನ್ನಿಟ್ಟದ್ದು ಒಂದು ನಿಘಂಟಿನ ಸಂಸ್ಥೆ ಎಂಬುದು ಸಾಹಿತ್ಯಾಸಕ್ತರಿಗೆ ಸಂತೋಷ ಕೊಡುವ ಸಂಗತಿ. ವರ್ಡ್‌ನಿಕ್ ಎಂಬ ಅಂತರ್ಜಾಲ ನಿಘಂಟಿನಲ್ಲಿದ್ದ ಟೋನಿ ಟ್ಯಾಮ್ ಆರಂಭಿಸಿದ ಸ್ವ್ಯಾಗರ್ ಎಂಬ ಯೋಜನೆ, 2015ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದು, ಓಪನ್‌ಎಪಿಐ ಎಂಬ ಹೆಸರು ತಳೆಯಿತು. ಇಲ್ಲಿಯೂ ಯಂತ್ರ ಪ್ರೋಗ್ರಾಮನ್ನು ಓದಿ ವಿವರಣೆ ಬರೆಯಬಲ್ಲದು. ಆದರೆ ಪ್ರತಿಯೊಂದು ಅಂಶದ ಪಕ್ಕದಲ್ಲೂ ಮನುಷ್ಯ ತನ್ನ ಮಾತಿನಲ್ಲಿ ಅರ್ಥ ಹೇಳಲು, ಉದಾಹರಣೆ ಕೊಡಲು ಸ್ಥಳವಿದೆ. ಆ ಸ್ಥಳವನ್ನು ಖಾಲಿ ಬಿಟ್ಟರೂ ಯಂತ್ರಕ್ಕೆ ಬೇಸರವಿಲ್ಲ. ಓದುವವನಿಗೆ ಮಾತ್ರ ಕತ್ತಲೆ.

ನಮ್ಮ ಶಾಸ್ತ್ರಕಾರರು ಲಕ್ಷ್ಯ, ಲಕ್ಷಣ ಎಂದು ಎರಡು ಮಾತನ್ನಾಡುತ್ತಾರೆ. ಪ್ರಯೋಗದಲ್ಲಿರುವುದು ಲಕ್ಷ್ಯ, ಅದರಿಂದ ಎತ್ತಿದ ಸೂತ್ರ ಲಕ್ಷಣ. ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಸೂತ್ರಗಳನ್ನು ಕಟ್ಟಿದ. ಅಷ್ಟಕ್ಕೆ ಅವನೂ ಇದ್ದುದನ್ನು ಓದಿ ವಿವರಿಸಿದವನೇ. ಆದರೆ ಯಾವುದು ಸಾಧು, ಯಾವುದು ಅಸಾಧು ಎಂಬ ವಿವೇಚನೆಯನ್ನು ಅವನು ಬಿಡಲಿಲ್ಲ. ಯಂತ್ರ ಕಂಡದ್ದನ್ನೆಲ್ಲ ಕಂಡಂತೆ ಬರೆಯುತ್ತದೆ. ಬರೆಯುವ ಶ್ರಮವನ್ನು ಅದಕ್ಕೆ ಒಪ್ಪಿಸುವುದರಲ್ಲಿ ತಪ್ಪೇನಿಲ್ಲ. ಬರೆದುದರ ಕೆಳಗೆ ರುಜು ಹಾಕುವ ಮುನ್ನ ಒಮ್ಮೆ ಓದಿ, ಇದು ನಾನು ಕೊಟ್ಟ ಮಾತು ಹೌದೇ ಎಂದು ಕೇಳಿಕೊಳ್ಳುವ ಹೊಣೆ ಮಾತ್ರ ಮನುಷ್ಯನದಾಗಿಯೇ ಉಳಿಯುತ್ತದೆ.