ಎರಡನೆಯ ರಾಮೆಸೀಸ್: ಕಲ್ಲಿನಲ್ಲೂ ಗಣಕದ ಆಟದಲ್ಲೂ

ಪ್ರಾಚೀನ ಈಜಿಪ್ಟಿನ ಹತ್ತೊಂಬತ್ತನೆಯ ರಾಜವಂಶಕ್ಕೆ ಸೇರಿದ ಎರಡನೆಯ ರಾಮೆಸೀಸ್ ಕ್ರಿ.ಪೂ. 1279ರಿಂದ 1213ರವರೆಗೆ, ಅಂದರೆ 66 ವರ್ಷಗಳ ಕಾಲ ಆಳಿದ ಫೇರೋ. ನಮ್ಮ ಮನೆಗಳ ಮಕ್ಕಳಲ್ಲಿ ಹಲವರು ಇವನ ಹೆಸರನ್ನು ಪಠ್ಯಪುಸ್ತಕಕ್ಕೂ ಮೊದಲು ಗಣಕದ ಆಟಗಳಲ್ಲಿಯೇ ಕೇಳಿರುತ್ತಾರೆ.

1991ರಲ್ಲಿ ಬಂದ 'ಸಿವಿಲೈಸೇಶನ್' ಆಟದಲ್ಲಿ ಈಜಿಪ್ಟಿನ ನಾಯಕ ರಾಮೆಸೀಸ್. ಮೂರನೆಯ ಆವೃತ್ತಿಯಲ್ಲಿ ಆ ಸ್ಥಾನ ಕ್ಲಿಯೋಪಾತ್ರಳ ಪಾಲಾಯಿತಾದರೂ 2010ರ ಐದನೆಯ ಆವೃತ್ತಿಯಲ್ಲಿ ಅವನೇ ಮರಳಿದ. ಅದ್ಭುತ ಕಟ್ಟಡಗಳನ್ನು ಇತರರಿಗಿಂತ ಬೇಗ ಮುಗಿಸುವುದು ಅಲ್ಲಿ ಅವನ ವಿಶೇಷ ಶಕ್ತಿ. ಅವನ ಸೈನ್ಯಕ್ಕೆ ಯುದ್ಧರಥ. 'ಫೇರೋ' ಎಂಬ ಆಟಕ್ಕೆ 2000ದಲ್ಲಿ ಸೇರ್ಪಡೆಯಾದ 'ಕ್ಲಿಯೋಪಾತ್ರ' ಭಾಗದಲ್ಲಿ ಆಡುವವರು ತಾವೇ ಅಬು ಸಿಂಬೆಲ್ ದೇವಾಲಯವನ್ನು ಕಟ್ಟಿಸಬಹುದು. (2023ರ 'ಟೋಟಲ್ ವಾರ್: ಫೇರೋ' ಆಟದ ರಾಮೆಸೀಸ್ ಬೇರೆಯವನು, ಮುಂದೆ ಮೂರನೆಯ ರಾಮೆಸೀಸ್ ಎನಿಸಿಕೊಂಡವನು.)

ಕಟ್ಟುವವನು, ಕಾದುವವನು ಎಂಬ ಈ ಚಿತ್ರ ಸುಳ್ಳಲ್ಲ. ಅಬು ಸಿಂಬೆಲಿನ ಮುಂಭಾಗದಲ್ಲಿ ಅವನ ನಾಲ್ಕು ಆಸೀನ ವಿಗ್ರಹಗಳಿದ್ದು, ಒಂದೊಂದೂ ಸುಮಾರು 20 ಮೀಟರ್ ಎತ್ತರ. ಆದರೆ ಇದು ಅವನೇ ಕಲ್ಲಿನಲ್ಲಿ ಕೆತ್ತಿಸಿದ ಚಿತ್ರವೆಂಬುದನ್ನು ನಾವು ಮರೆಯಲಾಗದು. ಕ್ರಿ.ಪೂ. 1274ರ ಸುಮಾರಿಗೆ, ಇಂದಿನ ಸಿರಿಯಾದಲ್ಲಿರುವ ಕಾದೇಶ್ ಬಳಿ ಅವನು ಹಿಟ್ಟೈಟರನ್ನು ಎದುರಿಸಿದ. ಶತ್ರು ಇನ್ನೂ ದೂರದಲ್ಲಿದ್ದಾನೆಂದು ಇಬ್ಬರು ಹೇಳಿದ್ದನ್ನು ನಂಬಿ ಮುಂದೆ ಸಾಗಿದವನ ಪಡೆಯ ಮೇಲೆ ಹಿಟ್ಟೈಟ್ ರಥಗಳು ಅನಿರೀಕ್ಷಿತವಾಗಿ ಎರಗಿದವು. ಅವನು ಪಾರಾದನೇ ಹೊರತು ಕಾದೇಶ್ ಅವನ ಕೈಸೇರಲಿಲ್ಲ. ಆದರೂ ಲಕ್ಸರ್, ಅಬು ಸಿಂಬೆಲ್ ಮೊದಲಾದ ದೇವಾಲಯಗಳ ಗೋಡೆಗಳಲ್ಲಿ ಅವನು ಏಕಾಂಗಿಯಾಗಿ ಗೆದ್ದ ವೀರ! ಆಟಗಳು ಎತ್ತಿಕೊಂಡಿರುವುದು ಈ ಗೋಡೆಗಳ ವೀರನನ್ನೇ.

ನಮ್ಮ ದೃಷ್ಟಿಯಲ್ಲಿ ಅವನ ಹಿರಿಯ ಸಾಧನೆ ಬೇರೆಯೇ ಇದೆ. ಕಾದೇಶ್ ಕದನವಾಗಿ ಸುಮಾರು 15 ವರ್ಷಗಳ ಬಳಿಕ ಅವನು ಹಿಟ್ಟೈಟ್ ದೊರೆ ಮೂರನೆಯ ಹತ್ತುಸಿಲಿಯೊಡನೆ ಸಂಧಿ ಮಾಡಿಕೊಂಡ. ಪರಸ್ಪರ ಆಕ್ರಮಣ ಮಾಡದಿರುವುದು, ಅನ್ಯರು ಮೇಲೆ ಬಿದ್ದರೆ ನೆರವಾಗುವುದು, ಓಡಿಬಂದವರನ್ನು ಒಪ್ಪಿಸುವುದು, ಹಾಗೆ ಒಪ್ಪಿಸಿದವರಿಗೆ ಶಿಕ್ಷೆ ವಿಧಿಸದಿರುವುದು ಅದರ ಮುಖ್ಯ ಕರಾರುಗಳು. ಮುಂದೆ ಹಿಟ್ಟೈಟ್ ರಾಜಕುಮಾರಿಯೊಬ್ಬಳು ಅವನ ರಾಣಿಯಾಗಿ ಬಂದಳು. ಅವನ ಆಳ್ವಿಕೆಯ ಕೊನೆಯವರೆಗೂ ಆ ಗಡಿಯಲ್ಲಿ ಶಾಂತಿ ನೆಲೆಸಿತ್ತು. ಆಟಗಳಲ್ಲಿ ಸಂಧಿಯೆಂದರೆ ಬಹುಮಟ್ಟಿಗೆ ಮುಂದಿನ ಯುದ್ಧಕ್ಕೆ ಅಣಿಯಾಗುವ ಬಿಡುವು ಮಾತ್ರ.

ಈಜಿಪ್ಟಿನವರು ಈ ಒಪ್ಪಂದವನ್ನು ಕಾರ್ನಾಕ್ ದೇವಾಲಯದ ಗೋಡೆಯಲ್ಲಿ ಕೆತ್ತಿದರು. ಹಿಟ್ಟೈಟರು ಬರೆದಿಟ್ಟುಕೊಂಡ ಮಣ್ಣಿನ ಫಲಕ 1906ರಲ್ಲಿ ಅವರ ರಾಜಧಾನಿ ಹತ್ತುಸದ ಉತ್ಖನನದಲ್ಲಿ ದೊರೆಯಿತು. ಅದರ ಪ್ರತಿಕೃತಿಯೊಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿದೆ.