ಹಾರುವ ತಟ್ಟೆಗಳು ಮತ್ತು ಸರ್ಕಾರಿ ಗೋಪ್ಯತೆ

ಆಕಾಶದಲ್ಲಿ ಕಂಡು, ಏನೆಂದು ಕೂಡಲೇ ಗುರುತು ಹತ್ತದ ವಸ್ತು ಅಥವಾ ಬೆಳಕಿನ ಬಗ್ಗೆ ತಮಗೆ ತಿಳಿದುದನ್ನು ಸರ್ಕಾರಗಳು, ಅದರಲ್ಲೂ ಸೇನೆ ಮತ್ತು ಗುಪ್ತಚರ ಸಂಸ್ಥೆಗಳು, ಹೊರಗೆ ಬಿಡದಿರುವ ರೂಢಿ ಹಾಗೂ ಅದರ ಕಾರಣಗಳು ಈ ಲೇಖನದ ವಿಷಯ. ಇಂಥ ಗೋಪ್ಯತೆಯ ಹಿಂದೆ ಅನ್ಯಗ್ರಹ ಜೀವಿಗಳ ಸುದ್ದಿ ಅಡಗಿದೆ ಎಂಬ ನಂಬಿಕೆ ಜಗತ್ತಿನೆಲ್ಲೆಡೆ ಇದೆ. ಆದರೆ ಈವರೆಗೆ ತೆರೆದ ಕಡತಗಳಲ್ಲಿ ಸಿಕ್ಕಿರುವುದು ಬೇರೆಯೇ ಸಂಗತಿ. ಹೆಚ್ಚಿನ ಸಲ ಮುಚ್ಚಿಟ್ಟದ್ದು ಸರ್ಕಾರದ್ದೇ ವಿಮಾನವನ್ನು ಅಥವಾ ಬಲೂನನ್ನು. ಇಲ್ಲವೇ ಆಕಾಶವನ್ನು ಕಾಯುವ ಕಣ್ಣು ಎಷ್ಟು ದೂರ ಕಾಣಬಲ್ಲದು ಎಂಬುದನ್ನು.

ಹೆಸರು

1947ರ ಜೂನ್ 24ರಂದು ಅಮೆರಿಕದ ಪೈಲಟ್ ಕೆನೆತ್ ಅರ್ನಾಲ್ಡ್ ವಾಷಿಂಗ್ಟನ್ ರಾಜ್ಯದ ಪರ್ವತಗಳ ಮೇಲೆ ವೇಗವಾಗಿ ಸಾಗಿದ ಒಂಬತ್ತು ವಸ್ತುಗಳನ್ನು ಕಂಡುದಾಗಿ ಹೇಳಿದರು. ಪತ್ರಿಕೆಗಳು ಅವುಗಳಿಗೆ ಕೊಟ್ಟ ಹೆಸರು ಕನ್ನಡಕ್ಕೆ ‘ಹಾರುವ ತಟ್ಟೆ’ ಎಂದು ಬಂತು. ಅಮೆರಿಕದ ವಾಯುಪಡೆ 1950ರ ದಶಕದಿಂದ ‘ಯುಎಫ್‌ಒ’ ಎಂಬ ಪದ ಬಳಸಿತು. ಈಗಿನ ಸರ್ಕಾರಿ ಬಳಕೆ ‘ಯುಎಪಿ’. ಎರಡರ ಅರ್ಥವೂ ‘ಗುರುತಾಗದ್ದು’ ಎಂದಷ್ಟೇ, ‘ಬೇರೆ ಲೋಕದ್ದು’ ಎಂದಲ್ಲ. ಗುರುತಾಗದ ಬೆಳಕಿಗೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಮೊದಲಿಂದಲೂ ಹೆಸರುಗಳಿದ್ದವು. ಕತ್ತಲೆಯಲ್ಲಿ ಹೊಲದಾಚೆ ಅಲೆದಾಡುವ ಬೆಳಕು ಕೊಳ್ಳಿದೆವ್ವ, ಬಾಲವಿದ್ದರೆ ಬಾಲಚುಕ್ಕಿ.

ಗೋಪ್ಯತೆಯ ಆರಂಭ

1947ರ ಜುಲೈನಲ್ಲಿ ನ್ಯೂಮೆಕ್ಸಿಕೋದ ರಾಸ್‌ವೆಲ್ ವಾಯುನೆಲೆ, ಹಾರುವ ತಟ್ಟೆಯೊಂದು ಸಿಕ್ಕಿದೆ ಎಂದು ತಾನೇ ಪ್ರಕಟಿಸಿತು. ಮೇಲಧಿಕಾರಿಗಳು ತಡಮಾಡದೆ ಅದನ್ನು ಹವಾಮಾನ ಬಲೂನು ಎಂದು ತಿದ್ದಿದರು. ವಾಯುಪಡೆ 1994ರಲ್ಲಿ ಹೊರತಂದ ವರದಿಯ ಪ್ರಕಾರ ಅದು ‘ಮೊಗಲ್’ ಎಂಬ ಗುಪ್ತ ಯೋಜನೆಯ ಬಲೂನು ಸಾಲು. ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿದರೆ ಅದರ ಸದ್ದನ್ನು ಎತ್ತರದ ವಾತಾವರಣದಲ್ಲಿ ಹಿಡಿಯುವುದು ಆ ಯೋಜನೆಯ ಉದ್ದೇಶವಾಗಿತ್ತು. ಬಲೂನು ಎಂಬುದು ನಿಜ, ಹವಾಮಾನದ್ದು ಎಂಬುದು ಸುಳ್ಳು. ಆ ಅರ್ಧ ಸತ್ಯ 47 ವರ್ಷ ನಿಂತಿತು. ಅಷ್ಟರಲ್ಲಿ ರಾಸ್‌ವೆಲ್‌ನ ಕಥೆ ಯಾವ ವರದಿಗೂ ಬಗ್ಗದಷ್ಟು ಬೆಳೆದಿತ್ತು.

ಇದೇ ಬಗೆಯ ಇನ್ನೊಂದು ಪ್ರಕರಣ ಯು-2 ಗೂಢಚಾರಿ ವಿಮಾನದ್ದು. 1955ರಲ್ಲಿ ಅದರ ಪರೀಕ್ಷಾ ಹಾರಾಟ ಶುರುವಾದಾಗ ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ 10,000ದಿಂದ 20,000 ಅಡಿ ಎತ್ತರದಲ್ಲಿ ಹಾರುತ್ತಿದ್ದವು. ಯು-2 ಹಾರಿದ್ದು 60,000 ಅಡಿಗೂ ಮೇಲೆ. ಕೆಳಗೆ ಹೊತ್ತು ಮುಳುಗಿ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲಿರುತ್ತದೆ. ಬೆಳ್ಳಿ ಬಣ್ಣದ ರೆಕ್ಕೆಗೆ ಆ ಬಿಸಿಲು ತಾಗಿದಾಗ ಕೆಳಗಿನ ಪೈಲಟ್‌ಗಳಿಗೆ ಕಂಡದ್ದು ಉರಿಯುವ ವಸ್ತು. ದೂರುಗಳನ್ನು ಪರಿಶೀಲಿಸುತ್ತಿದ್ದ ವಾಯುಪಡೆಯ ‘ಬ್ಲೂ ಬುಕ್’ ಅಧಿಕಾರಿಗಳು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬಳಿಯ ಹಾರಾಟದ ಪಟ್ಟಿ ನೋಡಿ ನಿಜ ತಿಳಿದುಕೊಳ್ಳುತ್ತಿದ್ದರು. ಪತ್ರ ಬರೆದವರಿಗೆ ಮಾತ್ರ ಹಿಮದ ಹರಳು, ಹವೆಯ ಏರುಪೇರು ಎಂದು ಉತ್ತರ ಹೋಗುತ್ತಿತ್ತು. 1950ರ ದಶಕದ ಕೊನೆ ಮತ್ತು 1960ರ ದಶಕದ ಯುಎಫ್‌ಒ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚು ಇಂಥ ಬೇಹುಗಾರಿಕೆ ವಿಮಾನಗಳದ್ದು ಎಂದು ಸಿಐಎ ಇತಿಹಾಸಕಾರ ಜೆರಾಲ್ಡ್ ಹೇನ್ಸ್ 1997ರಲ್ಲಿ ಬರೆದರು. ಈ ಲೆಕ್ಕ ಅತಿಯಾಯಿತು ಎನ್ನುವ ವಿಮರ್ಶಕರೂ ಇದ್ದಾರೆ.

1969ರಲ್ಲಿ ಮುಚ್ಚಿದ ಬ್ಲೂ ಬುಕ್ ಯೋಜನೆಯ ಲೆಕ್ಕದಲ್ಲಿದ್ದ ವರದಿಗಳು 12,618. ಕೊನೆಗೂ ಗುರುತಾಗದೆ ಉಳಿದವು 701.

ಭಾರತದಲ್ಲಿ

ಭಾರತದಲ್ಲಿ ಈ ವಿಷಯಕ್ಕೆಂದೇ ಮೀಸಲಾದ, ಸಾರ್ವಜನಿಕವಾಗಿ ಘೋಷಿತವಾದ ಸರ್ಕಾರಿ ಕಚೇರಿ ಇಲ್ಲ. ಪ್ರಕರಣಗಳು ಗಡಿ ಕಾವಲು, ವಾಯುಪಡೆ, ವಿಮಾನ ನಿಲ್ದಾಣಗಳ ಮಾಮೂಲು ಕೆಲಸದ ನಡುವೆ ಬಂದು ಹೋಗುತ್ತವೆ. ಇವುಗಳಲ್ಲಿ ಹೆಚ್ಚು ವಿವರ ಲಭ್ಯವಿರುವುದು ಲಡಾಖ್ ಪ್ರಕರಣಕ್ಕೆ. ಅದನ್ನು ಬಿಡಿಸಿದ್ದು ಬೆಂಗಳೂರಿನ ಸಂಸ್ಥೆ.

2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಚೀನಾ ಗಡಿಯ ಸರೋವರವೊಂದರ ಮೇಲೆ ಹೊಳೆಯುವ ವಸ್ತುಗಳು ಕಂಡವು ಎಂದು ಸೇನೆ 329 ಬಾರಿ ದಾಖಲಿಸಿತು. ಚೀನಾದ ಡ್ರೋನ್‌ಗಳಿರಬಹುದೆಂಬ ಅನುಮಾನ ಎದ್ದಿತು. ಕೋರಮಂಗಲದಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ವೀಕ್ಷಣಾಲಯ ನಡೆಸುತ್ತದೆ. ಸೇನೆ ಅದರ ಖಗೋಳ ವಿಜ್ಞಾನಿಗಳ ನೆರವು ಕೇಳಿತು. ಒಂದು ವಸ್ತು ಸಂಜೆ ಆರರ ಸುಮಾರಿಗೆ ಮೂಡಿ ಬೆಳಗಿನ ಐದರವರೆಗೆ, ಇನ್ನೊಂದು ನಸುಕಿನ ನಾಲ್ಕರಿಂದ ಹೊತ್ತೇರುವವರೆಗೆ ಕಾಣುತ್ತಿತ್ತು. ಮೊದಲನೆಯದು ಗುರು ಗ್ರಹ, ಎರಡನೆಯದು ಶುಕ್ರ ಎಂದು ವಿಜ್ಞಾನಿಗಳು ಹೇಳಿದರು. ಶುಕ್ರ ಎಂದರೆ ರೈತರು ಹೊತ್ತು ಅಳೆಯುತ್ತಿದ್ದ ಅದೇ ಬೆಳ್ಳಿ ಚುಕ್ಕಿ. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದ ತೆಳುಗಾಳಿಯಲ್ಲಿ ಅದು ಬಯಲುಸೀಮೆಯಲ್ಲಿ ಕಾಣುವುದಕ್ಕಿಂತ ಪ್ರಖರವಾಗಿ ಹೊಳೆಯುತ್ತದೆ.

ಉತ್ತರ ಇಷ್ಟು ಸರಳವಾಗಿದ್ದರೂ ಅದು ಹೊರಬರಲು ತಿಂಗಳುಗಳೇ ಹಿಡಿದವು. ಎಲ್ಲಿ ಕಾವಲು ನಿಂತಿದ್ದೇವೆ, ಯಾವ ದಿಕ್ಕು ನೋಡುತ್ತೇವೆ, ಎದುರಿನ ಡ್ರೋನನ್ನು ಗುರುತಿಸುವ ಸಾಧನ ನಮ್ಮಲ್ಲಿದೆಯೇ ಎಂಬ ಪ್ರಶ್ನೆಗಳು ಆ ಬೆಳಕಿಗೆ ಅಂಟಿಕೊಂಡಿದ್ದವು.

2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ವಸ್ತುವೊಂದು ಕಂಡು ವಿಮಾನ ಸಂಚಾರ ಕೆಲ ಗಂಟೆ ನಿಂತಿತು. ವಾಯುರಕ್ಷಣಾ ವ್ಯವಸ್ಥೆಯನ್ನು ಚುರುಕುಗೊಳಿಸಲಾಯಿತು, ಆ ಸಣ್ಣ ವಸ್ತು ಆಮೇಲೆ ಕಾಣಲಿಲ್ಲ ಎಂಬುದು ವಾಯುಪಡೆಯ ಪೂರ್ವ ಕಮಾಂಡಿನ ಪ್ರಕಟಣೆಯ ಸಾರ. ಅದರಲ್ಲಿ ವಸ್ತುವಿನ ವಿವರಣೆ ಇರಲಿಲ್ಲ. ರೇಡಾರಿಗೆ ಅದು ಸಿಕ್ಕಿತ್ತೇ ಎಂಬ ಮಾತೂ ಇರಲಿಲ್ಲ.

ಕರ್ನಾಟಕದಲ್ಲಿ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಪೂರ್ವ ಭಾಗ ಭಾರಿ ಸದ್ದಿಗೆ ನಡುಗಿತು. ಕಿಟಕಿ ಗಾಜುಗಳು ಅದುರಿದವು. ಭೂಕಂಪನದ ದಾಖಲೆ ಇಲ್ಲ ಎಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಲಾಕ್‌ಡೌನ್ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಊಹೆಗಳು ಹರಿದಾಡಿದವು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯ ವಕ್ತಾರರು ವಿವರ ಕೊಟ್ಟರು: ವಾಯುಪಡೆಯ ಪರೀಕ್ಷಾ ವಿಮಾನವೊಂದು ನಗರದ ಹೊರಗಿನ ನಿಗದಿತ ವಲಯದಲ್ಲಿ ಶಬ್ದಾತೀತ ವೇಗದಲ್ಲಿ ಹಾರಿತ್ತು; 36,000–40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಆ ಸದ್ದು ಹುಟ್ಟಿರಬಹುದು. ಇಲ್ಲಿ ಗೋಪ್ಯತೆಗೆ ಆಯುಸ್ಸು ಕೆಲವೇ ಗಂಟೆ. ಯಾವ ಇಲಾಖೆ ಬಾಯಿಬಿಡಬೇಕು ಎಂದು ತೀರ್ಮಾನವಾಗುವ ಮೊದಲೇ ವದಂತಿ ಊರು ಸುತ್ತಿ ಬಂದಿತ್ತು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. 2022ರ ಜುಲೈ 1ರಂದು ಅಲ್ಲಿ ಬಾಲವಿಲ್ಲದ, ರೆಕ್ಕೆಯೇ ಮೈಯಾದ ಪೈಲಟ್‌ರಹಿತ ವಿಮಾನ ಮೊದಲ ಬಾರಿ ಹಾರಿತು. ತಿಳಿಯದವರ ಕಣ್ಣಿಗೆ ಬಿದ್ದರೆ ಅದು ಸಿನಿಮಾದ ಹಾರುವ ತಟ್ಟೆಯೇ. ಪರೀಕ್ಷೆ ಕೈಕೊಟ್ಟಾಗ ಗುಟ್ಟು ನೆಲಕ್ಕೆ ಬೀಳುತ್ತದೆ. 2019ರ ಸೆಪ್ಟೆಂಬರ್ 17ರಂದು ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಬಳಿ ರುಸ್ತುಂ-2 ಡ್ರೋನ್, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ಹೊಲವೊಂದರಲ್ಲಿ ತಪಸ್ ಡ್ರೋನ್ ಉರುಳಿದವು. ಎರಡೂ ಸಲ ಸುತ್ತಲಿನ ಜನ ಗುಂಪುಗೂಡಿದರು. ಚಿತ್ರಗಳು ಬಹುಬೇಗ ಎಲ್ಲೆಡೆ ಹರಡಿದವು.

ಸಿಂಧನೂರು, ಲಿಂಗಸುಗೂರು, ಮಸ್ಕಿ

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳ ಆಕಾಶ, ಮುಚ್ಚಿಡದೆಯೂ ವಿಚಿತ್ರ ವಸ್ತುಗಳನ್ನು ಹಾರಿಸಬಹುದು ಎಂಬುದಕ್ಕೆ ಉದಾಹರಣೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಹೈದರಾಬಾದಿನಲ್ಲಿ 1969ರಿಂದ ಕಾಯಂ ಬಲೂನು ಕೇಂದ್ರ ನಡೆಸುತ್ತಿದೆ. ಸಂಸ್ಥೆಯ ಸ್ಥಾಪಕ ಹೋಮಿ ಭಾಭಾ 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಕೈಗೊಂಡ ಕಾಸ್ಮಿಕ್ ಕಿರಣಗಳ ಅಧ್ಯಯನದವರೆಗೆ ಇದರ ಬೇರು ಹೋಗುತ್ತದೆ. ತೆಳು ಪಾಲಿಥೀನ್ ಹಾಳೆಯ, ಜಲಜನಕ ತುಂಬಿದ, ಹತ್ತಾರು ಮೀಟರ್ ವ್ಯಾಸದ ಬಲೂನುಗಳು ಉಪಕರಣ ಹೊತ್ತು 30ರಿಂದ 42 ಕಿ.ಮೀ. ಎತ್ತರಕ್ಕೆ ಏರುತ್ತವೆ. ಕೆಲಸ ಮುಗಿದ ಮೇಲೆ ಉಪಕರಣಗಳು ಪ್ಯಾರಾಚೂಟ್ ಕಟ್ಟಿಕೊಂಡು ಕೆಳಗಿಳಿಯುತ್ತವೆ. ಇಳಿಯುವ ಜಾಗ ಹೈದರಾಬಾದಿನಿಂದ 200–350 ಕಿ.ಮೀ. ದೂರವಿರಬಹುದು. ನೇರ ಗೆರೆ ಎಳೆದರೆ ಸಿಂಧನೂರು ಮತ್ತು ಲಿಂಗಸುಗೂರು ಎರಡೂ ಈ ಅಳತೆಯೊಳಗೆ ಬರುತ್ತವೆ.

ಹಾರಾಟದ ಋತುವಿಗೆ ಮುಂಚೆ ಸಂಸ್ಥೆ ತೆಲಂಗಾಣ, ಆಂಧ್ರ, ಮಹಾರಾಷ್ಟ್ರ, ಕರ್ನಾಟಕದ ಜಿಲ್ಲೆಗಳಿಗೆ ಸಾರ್ವಜನಿಕ ಪ್ರಕಟಣೆ ಕಳಿಸುತ್ತದೆ. ಕರ್ನಾಟಕದ ಪಟ್ಟಿಯಲ್ಲಿ ಬೀದರ್, ಕಲಬುರಗಿ, ಯಾದಗಿರಿ, ಕೊಪ್ಪಳದ ಜೊತೆ ರಾಯಚೂರೂ ಇರುತ್ತದೆ. ಬಿದ್ದ ಪೆಟ್ಟಿಗೆ ಬಿಚ್ಚಬೇಡಿ, ಕೆಲವಲ್ಲಿ ಅಧಿಕ ವೋಲ್ಟೇಜ್ ಇರುತ್ತದೆ. ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಜೋಪಾನ ಮಾಡಿದವರಿಗೆ ತಕ್ಕ ಬಹುಮಾನ ಉಂಟು – ಇಷ್ಟು ಅದರ ತಿರುಳು. ಬಲೂನಿನ ಪೆಟ್ಟಿಗೆಯ ಮೇಲೂ ಸಂಸ್ಥೆಯ ವಿಳಾಸವಿರುತ್ತದೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಮನೆಯೊಂದರ ಮೇಲೆ ದೊಡ್ಡ ಬಲೂನು ಬಂದು ಬಿದ್ದಾಗ ಊರಿನವರು ಗಾಬರಿಯಾದರು. ಆದರೆ ಅದು ಯಾರದೆಂದು ಬೇಗನೆ ತಿಳಿದು ಗಾಬರಿ ಇಳಿಯಿತು.

2022ರ ಡಿಸೆಂಬರಿನಲ್ಲಿ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಹೊಲದಲ್ಲಿ ಇಳಿದ ಕ್ಯಾಪ್ಸೂಲ್ ಬಗ್ಗೆ ಇದಕ್ಕಿಂತ ದೊಡ್ಡ ಗುಲ್ಲೆದ್ದಿತು. ಅದು ಬಾಹ್ಯಾಕಾಶ ಪ್ರವಾಸದ ಯೋಜನೆ ಹಾಕಿಕೊಂಡಿದ್ದ ಸ್ಪೇನಿನ ಹ್ಯಾಲೊ ಸ್ಪೇಸ್ ಕಂಪನಿಯ ಮಾದರಿ. ಹೈದರಾಬಾದಿನ ಇದೇ ಬಲೂನು ಕೇಂದ್ರದಿಂದ ಏರಿತ್ತು.

ಗೋಪ್ಯತೆಯ ಕಾರಣಗಳು

ಮೇಲಿನ ಪ್ರಕರಣಗಳಿಂದ ಕಾರಣಗಳನ್ನು ಹೀಗೆ ವಿಂಗಡಿಸಬಹುದು.

ಸ್ವಂತ ಆಯುಧದ ರಕ್ಷಣೆ: ಯು-2, ಮೊಗಲ್ ಪ್ರಕರಣಗಳು ಈ ಬಗೆಯವು. ‘ಅದು ನಮ್ಮದೇ’ ಎಂದರೆ ಅಂಥದ್ದೊಂದು ಇದೆ ಎಂದು ಎದುರಾಳಿಗೆ ಹೇಳಿದಂತೆ.

ಕಾಣುವ ಸಾಮರ್ಥ್ಯದ ರಕ್ಷಣೆ: ವಸ್ತು ಬರೀ ಹಕ್ಕಿಯಾಗಿದ್ದರೂ ಅದನ್ನು ಹಿಡಿದ ಚಿತ್ರದಿಂದ ಕ್ಯಾಮೆರಾದ ಸೂಕ್ಷ್ಮತೆ, ರೇಡಾರಿನ ವ್ಯಾಪ್ತಿ, ಅದು ಇರುವ ಜಾಗ ಹೊರಬೀಳುತ್ತವೆ. ಕಾಣದೆ ಹೋದದ್ದನ್ನು ಒಪ್ಪಿಕೊಂಡರೆ ಕಾವಲಿನ ಕಂಡಿ ಎಲ್ಲಿದೆ ಎಂಬುದೂ ತಿಳಿಯುತ್ತದೆ.

ರಾಜತಾಂತ್ರಿಕ ಎಚ್ಚರ: ಶುಕ್ರ ಗ್ರಹವನ್ನು ನೆರೆ ದೇಶದ ಡ್ರೋನ್ ಎಂದು ಬಹಿರಂಗವಾಗಿ ದೂರಿದ ಮೇಲೆ ಆ ಮಾತನ್ನು ಹಿಂದೆಗೆದುಕೊಳ್ಳುವುದು ಕಷ್ಟ.

ಗಾಬರಿಯ ಭಯ: 1953ರ ಜನವರಿಯಲ್ಲಿ ಸಿಐಎ ಕರೆದ ರಾಬರ್ಟ್‌ಸನ್ ಸಮಿತಿಗೆ ವಸ್ತುಗಳಿಗಿಂತ ದೊಡ್ಡ ಚಿಂತೆಯಾದದ್ದು ವರದಿಗಳ ಪ್ರವಾಹ. ಅದರಲ್ಲಿ ನಿಜವಾದ ದಾಳಿಯ ಸೂಚನೆ ಮುಳುಗಿಹೋಗಬಹುದೆಂದು ಸಮಿತಿ ಎಣಿಸಿತು; ಜನರ ಕುತೂಹಲ ತಗ್ಗಿಸುವಂತೆ ಸಲಹೆ ಕೊಟ್ಟಿತು.

ಕಚೇರಿಯ ರೂಢಿ: ಕಾಗದದ ಮೇಲೆ ‘ಗೋಪ್ಯ’ ಎಂಬ ಮುದ್ರೆ ಬೀಳಲು ಒಂದು ಕೈ ಸಾಕು, ಅಳಿಸಲು ಹತ್ತು ಮೇಜು ದಾಟಬೇಕು. ‘ಗೊತ್ತಿಲ್ಲ’ ಎಂದು ಬರೆದು ಸಹಿ ಹಾಕಲು ಅಧಿಕಾರಿ ಹಿಂಜರಿಯುವುದೂ ಇದರಲ್ಲಿ ಸೇರುತ್ತದೆ. ಹೊರಗಿನವರಿಗೆ ಮಹಾ ಗುಟ್ಟಿನಂತೆ ತೋರುವ ಮೌನದ ಒಳಗೆ ಎಷ್ಟೋ ಸಲ ಇರುವುದು ಇದೇ.

ಕಾನೂನು

ಭಾರತದಲ್ಲಿ ರಕ್ಷಣಾ ನೆಲೆಗಳ ಮಾಹಿತಿಗೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಕಾವಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ಕಲಮು ದೇಶದ ಭದ್ರತೆ, ವೈಜ್ಞಾನಿಕ ಹಿತ, ವಿದೇಶ ಸಂಬಂಧಗಳಿಗೆ ಧಕ್ಕೆ ತರುವ ಮಾಹಿತಿಗೆ ವಿನಾಯಿತಿ ಕೊಡುತ್ತದೆ. ಡಿಆರ್‌ಡಿಒ ಮತ್ತು ಇಂಡೊ-ಟಿಬೆಟನ್ ಗಡಿ ಪೊಲೀಸ್ ಪಡೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವುದರಿಂದ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳ ಹೊರತು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಲವು ವಿನಾಯಿತಿಗಳು 20 ವರ್ಷಕ್ಕೆ ಸಡಿಲಗೊಂಡರೂ ಭದ್ರತೆಯ ಕಲಮು ಸಡಿಲಗೊಳ್ಳುವುದಿಲ್ಲ. ಆದರೆ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ಮಾಹಿತಿ ಕೊಡಲು 8(2) ಅವಕಾಶ ಇಟ್ಟಿದೆ.

ಬಹಿರಂಗದ ದಾರಿ

ಫ್ರಾನ್ಸ್ 1977ರಲ್ಲೇ ತನ್ನ ಬಾಹ್ಯಾಕಾಶ ಸಂಸ್ಥೆಯೊಳಗೆ ಇದಕ್ಕಾಗಿ ವಿಭಾಗ ತೆರೆದು, 2007ರಿಂದ ಕಡತಗಳನ್ನು ಅಂತರ್ಜಾಲದಲ್ಲಿ ಹಾಕತೊಡಗಿತು. ಬ್ರಿಟನ್ 2009ರಲ್ಲಿ ರಕ್ಷಣಾ ಸಚಿವಾಲಯದ ಯುಎಫ್‌ಒ ವಿಭಾಗ ಮುಚ್ಚಿ, ಹಳೆಯ ಕಡತಗಳನ್ನು ಹಂತಹಂತವಾಗಿ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಟ್ಟಿತು. ಅಮೆರಿಕದ ರಕ್ಷಣಾ ಇಲಾಖೆ 2022ರಲ್ಲಿ ಸ್ಥಾಪಿಸಿದ ‘ಆರೊ’ ಕಚೇರಿ, ಅನ್ಯಗ್ರಹದ ತಂತ್ರಜ್ಞಾನ ಸರ್ಕಾರದ ಬಳಿ ಇದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ ಎಂದು 2024ರ ಮಾರ್ಚ್‌ನಲ್ಲಿ ವರದಿ ಮಾಡಿತು. ದಶಕಗಳ ಅರ್ಧ ಸತ್ಯದ ಬಳಿಕ ಬಂದ ಈ ಮಾತನ್ನು ನಂಬದವರು ಅಲ್ಲಿ ಬಹಳ. ಗೋಪ್ಯತೆಗೆ ಸರ್ಕಾರ ತೆರುವ ಬೆಲೆ ಇದು.

ಇದಕ್ಕೆ ವಿರುದ್ಧವಾಗಿ, ಗುಟ್ಟು ಮಾಡದೆ ಪ್ರಭುತ್ವ ಜನರಿಗೆ ನೇರವಾಗಿ ಹೇಳಿದ ನಾಡಿನ ಅತಿ ಹಳೆಯ ಮಾತುಗಳಲ್ಲೊಂದು ಮಸ್ಕಿಯಲ್ಲಿದೆ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ 1915ರಲ್ಲಿ ಅಲ್ಲಿ ಕಂಡ ಬಂಡೆಶಾಸನ, ಆವರೆಗೆ ಸಿಕ್ಕಿದ್ದ ತನ್ನ ಶಾಸನಗಳಲ್ಲಿ ಬಿರುದುಗಳಿಂದಷ್ಟೇ ತಿಳಿದಿದ್ದ ರಾಜನ ‘ಅಶೋಕ’ ಎಂಬ ಹೆಸರನ್ನು ಖಚಿತಪಡಿಸಿತು. ಅದರಲ್ಲಿನ ಸಂದೇಶವನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕೆಂದು ಶಾಸನವೇ ಹೇಳುತ್ತದೆ. ಹೈದರಾಬಾದಿನಿಂದ ಹಾರಿಬಂದು ಇದೇ ಸೀಮೆಯ ಹೊಲಗಳಲ್ಲಿ ಇಳಿಯಬಹುದಾದ ಪೆಟ್ಟಿಗೆಯ ಮೇಲೂ ಕಳಿಸಿದವರ ಹೆಸರು, ವಿಳಾಸ ಬರೆದಿರುತ್ತದೆ.